ನಕಲು ಮಾಡದ ಎರಡನೇ ಪುಟ

ದಟ್ಟಗಳ್ಳಿ, ಮೈಸೂರು
ಮಂಗಳವಾರ, ೧೮–೧೧–೧೯೯೭
ಮಧ್ಯಾಹ್ನ ಮೂರೂವರೆ

ಮಗಳೇ ಮಂಗಳಾ, ಮೊದಲು ನನ್ನ ಆಶೀರ್ವಾದ. ಓದಿ ಮುಗಿದ ಮೇಲೆ ಬೈಯುವ ಸರದಿ ನಿನ್ನದು.

ನಿನ್ನೆ ಫೋನಿನಲ್ಲಿ ಆಡಿದ್ದು ಪೂರ್ತಿ ಮಾತಲ್ಲ. ಧಾರವಾಡದ ಆ ಬೂತಿನಲ್ಲಿ ನಿನ್ನ ಹಿಂದೆ ಜನ ಕಾಯುತ್ತಿದ್ದರು. ಬೇಗ ಹೇಳಿ ಅಪ್ಪಾಜಿ, ಮಾತ್ರೆ ಒಂದೂ ತಪ್ಪಿಲ್ಲ ತಾನೇ ಎಂದು ಕೇಳಿದೆ. ಇಲ್ಲ ಕಣಮ್ಮ, ಒಂದೂ ತಪ್ಪಿಲ್ಲ ಎಂದೆ. ತಪ್ಪಿದೆ ಮಂಗಳಾ. ಒಂದಲ್ಲ, ಇಪ್ಪತ್ತೊಂದು. ಐದನೇ ತಾರೀಖಿನಿಂದ ಹದಿನಾಲ್ಕರವರೆಗೆ, ಹೊತ್ತಿಗೊಂದರಂತೆ ದಿನಕ್ಕೆ ಎರಡು, ಹದಿನೈದರ ಬೆಳಗಿನದು ಇನ್ನೊಂದು. ಮರೆತು ತಪ್ಪಿದ್ದಲ್ಲ, ನಾನೇ ನಿಲ್ಲಿಸಿದೆ.

ರಕ್ಷಿತಾ ಈಗ ಚೆನ್ನಾಗಿದ್ದಾಳೆ. ಇಲ್ಲೇ ನನ್ನ ಕಾಲ ಬಳಿ ಚಾಪೆಯ ಮೇಲೆ ಕುಳಿತು ಕರ್ನಾಟಕದ ನಕ್ಷೆಗೆ ಬಣ್ಣ ತುಂಬುತ್ತಿದ್ದಾಳೆ. ಶನಿವಾರ ಫಿಟ್ಸ್ ಬಂದಾಗ ತುಟಿ ಕಚ್ಚಿಕೊಂಡಿದ್ದಳಲ್ಲ, ಆ ಗಾಯ ಒಣಗಿದೆ. ಪೆನ್ಸಿಲು ಕೈಯಿಂದ ಜಾರಿ ಬಿದ್ದರೆ ಸಾಕು, ನಾನು ಕುರ್ಚಿಯಿಂದ ಅರ್ಧ ಏಳುತ್ತೇನೆ. ಅವಳು ತಲೆಯೆತ್ತಿ, ತಾತ, ಪೆನ್ಸಿಲ್ ಕಣೋ ಬಿದ್ದಿದ್ದು, ನಾನಲ್ಲ ಎನ್ನುತ್ತಾಳೆ. ಎಂಟು ವರ್ಷದ ಹುಡುಗಿ ನನಗೆ ಧೈರ್ಯ ಹೇಳುವ ಹಾಗಾಗಿದೆ.

ಇದಕ್ಕೆಲ್ಲ ಮೂಲ ಆ ಕಂಪ್ಯೂಟರು ಎಂದು ಬರೆದರೆ ಸುಳ್ಳಾಗುತ್ತದೆ. ಅದು ಪಾಪದ್ದು. ನಿನ್ನ ಗಂಡ ಹೆಬ್ಬಾಳದ ಕಾರ್ಖಾನೆಯವರು ಗುಜರಿಗೆ ಹಾಕಿದ್ದನ್ನು ಹೊತ್ತು ತಂದಾಗ, ಮಾವ, ಇದು ಮುದಿ ಎತ್ತು, ವಿಂಡೋಸ್ ಗಿಂಡೋಸ್ ಎಳೆಯಲ್ಲ, ಡಾಸ್‌ನಲ್ಲೇ ನಡೀಬೇಕು ಎಂದು ನಕ್ಕಿದ್ದರು. ಈವ್‌ನಿಂಗ್ ಕಾಲೇಜಿನ ಹೆಸರಲ್ಲಿ ಅವರು ತೆಗೆದುಕೊಂಡ ಇಂಟರ್ನೆಟ್ಟಿನ ಸ್ಟೂಡೆಂಟ್ ಅಕೌಂಟಿನಲ್ಲಿ ಚಿತ್ರ ಗಿತ್ರ ಏನೂ ಬರುವುದಿಲ್ಲ. ಕಪ್ಪು ಪರದೆ, ಅದರ ಮೇಲೆ ಬರೀ ಅಕ್ಷರ. ಕ್ರಿಕೆಟ್ ಸ್ಕೋರು ನೋಡಿಕೊಳ್ಳಲಿ ಎಂದು ಅಮರೇಶ್ ಅವರು ನನಗಾಗಿ ರಟ್ಟಿನ ಮೇಲೆ ಬರೆದು ತೂಗುಹಾಕಿದ್ದಾರೆ: ಮೊದಲು ಇದು ಒತ್ತಿ, ಕಿರುಗುಟ್ಟುವ ಸದ್ದು ನಿಲ್ಲುವವರೆಗೆ ಕಾಯಿರಿ, ಆಮೇಲೆ ಇದು. ಎದ್ರುಕೋಬೇಡಿ ಮಾವ, ಏನ್ ಒತ್ತಿದ್ರೂ ಸುಟ್ಟೋಗಲ್ಲ ಎಂದು ಬೇರೆ ಹೇಳಿದ್ದರು.

ನೀನು ಟ್ರೈನಿಂಗಿಗೆ ಹೊರಟ ಎರಡನೇ ದಿನ, ಅಂದರೆ ನಾಲ್ಕನೇ ತಾರೀಖು, ಸ್ಕೋರು ನೋಡಿ ಮುಗಿಸಿದ್ದೆ. ಮಾತ್ರೆಯ ಹಾಳೆ ಪಕ್ಕದಲ್ಲೇ ಇತ್ತು. ಅದರ ಹಿಂದೆ ಇರುವೆ ಸಾಲಿನ ಹಾಗೆ ಅಚ್ಚಾದ ಹೆಸರನ್ನು ಹುಡುಕುವ ಜಾಗದಲ್ಲಿ ಕೂಡಿಸಿದೆ. ಕೆಟ್ಟ ಕುತೂಹಲವಲ್ಲ ಕಣಮ್ಮ. ದಿನಾ ಎರಡು ಹೊತ್ತು ಮಗುವಿನ ಬಾಯಿಗೆ ಹಾಕುವುದು ಏನು ಎಂದು ತಿಳಿದಿರಲಿ ಎಂದಷ್ಟೆ. ಅಕ್ಷರಗಳು ಮೇಲಿನಿಂದ ಕೆಳಕ್ಕೆ ಒಂದೊಂದೇ ಸಾಲಾಗಿ ಇಳಿದು ಬಂದವು. ಆ ತುದಿಯಲ್ಲಿ ಯಾರೋ ಡಾಕ್ಟರು ಕುಳಿತು ನನಗಾಗಿಯೇ ಟೈಪು ಮಾಡುತ್ತಿದ್ದಾರೆ ಎಂದು ಅನ್ನಿಸಿತು. ನಗಬೇಡ. ಮೊದಲ ಪುಟ ತುಂಬಿದಾಗ ಥ್ಯಾಂಕ್ಯೂ ಸರ್ ಎಂದು ಗಟ್ಟಿಯಾಗಿ ಹೇಳಿಯೂಬಿಟ್ಟೆ.

ಆಮೇಲೆ ಓದಿದೆ. ನನ್ನ ಇಂಗ್ಲಿಷು ನಿನಗೆ ಗೊತ್ತಲ್ಲ, ಕಾಲೇಜಿನಲ್ಲಿ ಕಲಿತದ್ದು ಅರ್ಧ ಕರಗಿ, ಉಳಿದರ್ಧ ಕೋರ್ಟಿನ ಕಾಗದಗಳಲ್ಲಿ ಬೆರೆತುಹೋಗಿದೆ. ಲಿವರ್ ಎಂಬುದು ತಿಳಿಯಿತು. ಫೇಟಲ್ ಎಂಬುದು ತಿಳಿಯಿತು. ಚಿಲ್ಡ್ರನ್ ಎಂಬುದಂತೂ ಯಾರಿಗೆ ತಿಳಿಯದು? ಮಧ್ಯೆ ಇದ್ದ ಉದ್ದುದ್ದ ಪದಗಳೆಲ್ಲ ಮಸುಕಾಗಿ, ಈ ಮೂರೇ ಎದ್ದು ನಿಂತವು.

ಪರದೆಯ ಕೆಳತುದಿಯಲ್ಲಿ, ಮುಂದಿನ ಪುಟಕ್ಕೆ ಸ್ಪೇಸ್ ಒತ್ತಿ ಎಂದು ಇಂಗ್ಲಿಷಿನಲ್ಲಿ ಇತ್ತು. ನಾನು ನೋಡಲಿಲ್ಲ ಎಂದಲ್ಲ, ನೋಡಿದೆ. ಮೂವತ್ತೊಂದು ವರ್ಷ ಕೋರ್ಟಿನ ನಕಲು ವಿಭಾಗದಲ್ಲಿ ಕುಳಿತವನು ನಾನು. ಒಂದು ಪುಟದ ನಕಲು ಮುಗಿದು, ಅಕ್ಷರಕ್ಕೆ ಅಕ್ಷರ ತಾಳೆ ನೋಡಿ, ಆಮೇಲೇ ಮುಂದಿನ ಪುಟ ತಿರುಗಿಸಬೇಕು. ಕೈಗೆ ಹತ್ತಿದ ಅಭ್ಯಾಸ. ಒತ್ತಿದರೆ ಈ ಪುಟ ಮಾಯವಾಗಿ ಮತ್ತೆ ಸಿಕ್ಕದಿದ್ದರೆ ಎಂಬ ಹೆದರಿಕೆ ಬೇರೆ. ಗೆರೆ ಹಾಕಿದ ಪುಸ್ತಕ ತಂದು ಮೊದಲ ಸಾಲಿನಿಂದ ದುಂಡಗೆ ಬರೆಯತೊಡಗಿದೆ. ನಲವತ್ತು ನಿಮಿಷವಾಗಿರಬೇಕು. ಕಡೆಯ ಸಾಲು ಬರೆದು ಸ್ಪೇಸ್ ಒತ್ತಿದರೆ ಪುಟ ತಿರುಗಲಿಲ್ಲ. ನೋ ಕ್ಯಾರಿಯರ್ ಎಂದು ಬಂತು. ಲೈನು ಯಾವಾಗಲೋ ಕಡಿದುಹೋಗಿತ್ತು.

ಮತ್ತೆ ಡಯಲ್ ಮಾಡಬಹುದಿತ್ತು. ಮಾಡಲಿಲ್ಲ. ಸಾಕಷ್ಟು ತಿಳಿದೆ ಎಂದುಕೊಂಡೆ.

ನಿನ್ನ ಅಮ್ಮನ ವಿಷಯ ಈಗ ಎತ್ತಬಾರದು, ಆದರೂ ಬರೆಯುತ್ತೇನೆ. ಪ್ರೇಮಲೀಲಾಳ ಕಣ್ಣು ಹಳದಿಯಾಗುವುದಕ್ಕೆ ಮೊದಲು ಏಳು ತಿಂಗಳು ಅವಳಿಗೆ ಮಾತ್ರೆ ಕೊಟ್ಟವನು ನಾನು. ಗೋಡೆ ಗಡಿಯಾರ ನೋಡಿ ಕೊಟ್ಟೆ, ಒಂದು ಹೊತ್ತೂ ತಪ್ಪಿಸಲಿಲ್ಲ. ಅವಳ ಲಿವರು ಹೋಯಿತು ಎಂದರಲ್ಲ, ಅದು ರೋಗದಿಂದಲೋ ನನ್ನ ಕೈಯಿಂದಲೋ ಎಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಿದ್ದರೆ ಯಾರಾದರೂ ಉತ್ತರ ಹೇಳಿಬಿಡುತ್ತಿದ್ದರೋ ಏನೋ, ಆ ಭಯ. ಮೂರು ವರ್ಷದಿಂದ ಎದೆಯೊಳಗೆ ಕುಳಿತಿದ್ದ ಪ್ರಶ್ನೆ ಆವತ್ತು ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಬಂದ ಹಾಗಾಯಿತು. ಮಾರನೆಯ ಬೆಳಿಗ್ಗೆ ರಕ್ಷಿತಾ ಬಾಯಿ ತೆರೆದು ನಿಂತಾಗ ಅವಳ ಕಣ್ಣಿನ ಬಿಳಿಯಲ್ಲಿ ಹಳದಿ ಕಂಡಿತು. ಈಗ ನೋಡಿದರೆ ಇಲ್ಲ. ಆವತ್ತು ಇತ್ತು, ಕೋರ್ಟಿನ ಕಾಗದದ ಮಾತಿನಲ್ಲಿ ಟು ದಿ ಬೆಸ್ಟ್ ಆಫ್ ಮೈ ನಾಲೆಜ್ ಅಂಡ್ ಬಿಲೀಫ್.

ಅಮರೇಶ್ ಅವರಿಗೆ ಹೇಳಲಿಲ್ಲ. ಹೇಳಿದರೆ ಡಾಕ್ಟರಿಗಿಂತ ನಿಮಗೆ ಹೆಚ್ಚು ಗೊತ್ತಾ ಮಾವ ಎನ್ನುತ್ತಿದ್ದರು, ಅದು ನ್ಯಾಯವೂ ಆಗಿತ್ತು. ಭಾನುವಾರ ಅವರು ಮಾತ್ರೆಯ ಹಾಳೆ ನೋಡುತ್ತಾರೆ ಎಂದು ಹೊತ್ತು ಹೊತ್ತಿಗೆ ಒಂದೊಂದು ಬಿಡಿಸಿ ಕೋಟಿನ ಒಳಜೇಬಿಗೆ ಹಾಕಿಕೊಂಡೆ. ರಕ್ಷಿತಾಗೆ ಇದೊಂದೂ ಗೊತ್ತಿಲ್ಲ, ಡಾಕ್ಟರೇ ನಿಲ್ಲಿಸಲು ಹೇಳಿದ್ದಾರೆ ಎಂದು ಅವಳು ತಿಳಿದಿದ್ದಳು. ಒಂದು ವಾರ ಮಗು ಚುರುಕಾಗಿ ಓಡಾಡಿತು. ನಾನು ಒಳಗೊಳಗೇ ಗೆದ್ದವನ ಹಾಗಿದ್ದೆ. ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಿದ್ದವಳು ಬಚ್ಚಲಿನಲ್ಲಿ ಬಿದ್ದಳು. ಅಮರೇಶ್ ಅವರು ಸಮಯ ನೋಡುತ್ತಿದ್ದರು, ನಾಲ್ಕು ನಿಮಿಷ ಎಂದರು. ನನಗೆ ಅದು ನಾಲ್ಕು ನಿಮಿಷದ ಹಾಗೆ ಇರಲಿಲ್ಲ.

ಸಂಜೆ ಡಾಕ್ಟರ ಬಳಿ ಹೋದೆವು. ಮಾತ್ರೆ ಸರಿಯಾಗಿ ಹೋಗ್ತಿದೆಯಾ ಎಂದು ಅವರು ಕೇಳಿದ್ದು ಮೊದಲ ಪ್ರಶ್ನೆ. ಹೋಗುತ್ತಿದೆ ಎಂದೇ ಉತ್ತರ ಬಂತು. ಅವರು ಸ್ವಲ್ಪ ಯೋಚಿಸಿ, ಹಾಗಾದರೆ ಇದೊಂದು ಸಾಲುವುದಿಲ್ಲ, ಇನ್ನೊಂದು ಜೊತೆಗೆ ಸೇರಿಸೋಣ ಎಂದು ಬರೆದುಕೊಟ್ಟರು. ಅಂಗಡಿಯಲ್ಲಿ ಆ ಮಾತ್ರೆ ಇರಲಿಲ್ಲ, ಮಂಗಳವಾರ ತರಿಸಿಕೊಡುತ್ತೇನೆ ಎಂದ ಅಂಗಡಿಯವನು. ಮಂಗಳವಾರ ಎಂದರೆ ಇವತ್ತು. ನಿನಗೆ ಅಮರೇಶ್ ಅವರು ಫೋನಿನಲ್ಲಿ ಹೇಳಿದ್ದು ಇಷ್ಟೇ, ಏಕೆಂದರೆ ಅವರಿಗೆ ಗೊತ್ತಿರುವುದೂ ಇಷ್ಟೇ.

ಹಳೆಯ ಮಾತ್ರೆಯನ್ನು ಶನಿವಾರ ರಾತ್ರಿಯಿಂದಲೇ ಮತ್ತೆ ಶುರು ಮಾಡಿದೆ. ಇನ್ನು ಯಾರಿಗೂ ಏನೂ ಹೇಳಬೇಕಾಗಿಲ್ಲ, ಹಳೆಯದೂ ಹೋಗಲಿ, ಹೊಸದೂ ಹೋಗಲಿ, ಮಗು ಗಟ್ಟಿಯಾದರೆ ಸಾಕು ಎಂದುಕೊಂಡಿದ್ದೆ. ನಿನ್ನೆ ನಿನಗೆ ಸುಳ್ಳು ಹೇಳಿದಾಗಲೂ ಅದೇ ಲೆಕ್ಕ.

ಇವತ್ತು ಊಟವಾದ ಮೇಲೆ ಮತ್ತೆ ಡಯಲ್ ಮಾಡಿದೆ. ನಾಲ್ಕು ಸಲ ಎಂಗೇಜ್, ಐದನೇ ಸಲ ಸಿಕ್ಕಿತು. ಅದೇ ಹೆಸರು ಕೂಡಿಸಿದೆ, ಅದೇ ಪುಟ ಇಳಿಯಿತು. ಅದರ ನಕಲು ನನ್ನಲ್ಲಿ ಇದ್ದೇ ಇತ್ತಲ್ಲ, ಹಾಗಾಗಿ ನಿಲ್ಲದೆ ಸ್ಪೇಸ್ ಒತ್ತಿದೆ. ಎರಡನೇ ಪುಟ ಬಂತು. ಈ ಸಲ ನಕಲು ಮಾಡುತ್ತಾ ಕೂರಲಿಲ್ಲ, ಮೂರು ಸಲ ಓದಿದೆ. ಅರ್ಥವಾದದ್ದನ್ನು ಬರೆಯುತ್ತೇನೆ. ಲಿವರಿಗೆ ತೊಂದರೆಯಾಗುವುದು ಅಪರೂಪ. ಆದವರಲ್ಲಿ ಹೆಚ್ಚಿನವರು ಎರಡು ವರ್ಷದೊಳಗಿನ ಕೂಸುಗಳು, ಮತ್ತೆ ಫಿಟ್ಸಿಗೆ ಒಂದಕ್ಕಿಂತ ಹೆಚ್ಚು ಮಾತ್ರೆ ಒಟ್ಟಿಗೆ ತಿನ್ನುತ್ತಿದ್ದ ಮಕ್ಕಳು. ಅದರ ಕೆಳಗೆ, ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು, ನಿಲ್ಲಿಸಿದರೆ ಫಿಟ್ಸ್ ಬಿಡದೆ ಬರಬಹುದು ಎಂದಿತ್ತು.

ಈಗ ನನ್ನ ಸ್ಥಿತಿ ನೋಡು. ಯಾವುದು ಆಗಬಾರದು ಎಂದು ಒಂದು ಮಾತ್ರೆ ನಿಲ್ಲಿಸಿದೆನೋ, ಅದೇ ಆಗುವ ಹಾಗೆ ಇವತ್ತು ರಾತ್ರಿ ಎರಡು ಮಾತ್ರೆ ಮಗುವಿನ ಹೊಟ್ಟೆಗೆ ಹೋಗುತ್ತವೆ. ಡಾಕ್ಟರು ತಿಳಿಯದೆ ಬರೆದುಕೊಡುವವರಲ್ಲ, ಓದಿದವರು. ಆದರೆ ಅವರು ಲೆಕ್ಕ ಹಾಕಿದ್ದು ಸುಳ್ಳಿನ ಮೇಲೆ. ಒಂದೇ ಮಾತ್ರೆ ಸಾಕಾಗುವ ಹುಡುಗಿಗೆ ಎರಡು ಬರೆದಿದ್ದಾರೆ. ಬರೆಸಿದವನು ನಾನು.

ಹೇಳಿಬಿಡು ಎನ್ನುತ್ತೀಯ. ಆ ಪುಟ ಓದಿದಾಗಿನಿಂದ ಬಾಯಿಪಾಠ ಮಾಡುತ್ತಿದ್ದೇನೆ. ಅಮರೇಶ್ ಅವರೇ, ಒಂದು ಮಾತು ಎಂಬಲ್ಲಿಗೆ ಬಂದು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಅವರು ಕೂಗಾಡುವ ಮನುಷ್ಯರಲ್ಲ, ಅದೇ ಕಷ್ಟ. ಸುಮ್ಮನಾಗುತ್ತಾರೆ. ಅಮ್ಮ ಹೋದ ಮೇಲೆ, ಒಂಟಿಯಾಗಿ ಯಾಕೆ ಬೇಯಿಸ್ಕೊಂಡು ಸಾಯ್ತೀರಾ ಬನ್ನಿ ಮಾವ ಎಂದು ನನ್ನ ಟ್ರಂಕು ತಾವೇ ಹೊತ್ತವರು. ನಾಳೆಯಿಂದ ಅವರು ಕೆಲಸಕ್ಕೆ ಹೋಗುವಾಗ ಮಗುವನ್ನು ಪಕ್ಕದ ಮನೆ ಭಾನುಮತಮ್ಮನವರ ಬಳಿ ಬಿಟ್ಟು ಹೋದರೆ, ನಾನು ಈ ಮನೆಯಲ್ಲಿ ಏನು ಹೇಳಿಕೊಂಡು ಇರಲಿ? ಇದು ಸ್ವಾರ್ಥದ ಮಾತು, ಗೊತ್ತು. ಮಗುವಿಗಾಗುವ ಭಯದ ಪಕ್ಕದಲ್ಲೇ ಈ ಸಣ್ಣ ಭಯವೂ ಕುಳಿತಿದೆ, ಎರಡರಲ್ಲಿ ಯಾವುದು ನನ್ನ ಬಾಯಿ ಮುಚ್ಚಿಸುತ್ತಿದೆ ಎಂದು ಗೊತ್ತಾಗುತ್ತಿಲ್ಲ.

ಈ ಕಾಗದ ನಿನಗೆ ತಲುಪುವುದು ಶುಕ್ರವಾರವೋ ಶನಿವಾರವೋ. ಅಷ್ಟರಲ್ಲಿ ಏಳೆಂಟು ಮಾತ್ರೆ ಹೋಗಿರುತ್ತವೆ. ಇದು ಗೊತ್ತಿದ್ದೂ ನಿನಗೆ ಬರೆಯುತ್ತಾ ಕುಳಿತಿದ್ದೇನೆ. ನಿಮ್ಮ ಹಾಸ್ಟೆಲಿಗೆ ಫೋನು ಮಾಡಲಾಗದು ಎಂಬುದು ನನಗೆ ಒಳ್ಳೆಯ ನೆಪವಾಯಿತು. ದೂರ ಇರುವವಳಿಗೆ ತಪ್ಪೊಪ್ಪಿಕೊಳ್ಳುವುದು ಸುಲಭ ಕಣಮ್ಮ. ಹೇಳಬೇಕಾದವರು ಆರು ಗಂಟೆಯ ಕಾರ್ಖಾನೆ ಬಸ್ಸಿನಲ್ಲಿ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಬರುತ್ತಿದ್ದಾರೆ.

ಅಕ್ಷರ ಸೊಟ್ಟಗಾಗುತ್ತಿದೆ, ಏನಪ್ಪ ಎಂದು ನೋಡಿದರೆ ಬೆಳಕೇ ಹೋಗುತ್ತಿದೆ. ಕಿಟಕಿಯಲ್ಲಿ ಇನ್ನು ಒಂದಿಷ್ಟೇ ಉಳಿದಿದೆ. ರಕ್ಷಿತಾ ಬಣ್ಣ ಕಾಣಲ್ಲ ತಾತ, ಲೈಟ್ ಹಾಕು ಎನ್ನುತ್ತಿದ್ದಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಅಪ್ಪ,
ಶಿವಲಿಂಗಯ್ಯ

ಮತ್ತೆ ಸೇರಿಸಿದ್ದು:

ಮಂಗಳಾ, ಅಮರೇಶ್ ಅವರು ಬಂದರು. ಈ ಕಾಗದವನ್ನೇ ಅವರ ಕೈಗೆ ಕೊಟ್ಟೆ. ಗೇಟಿನ ಬಳಿ ನಿಂತೇ ಪೂರ್ತಿ ಓದಿದರು. ನನ್ನ ಮುಖ ನೋಡದೆ, ಚಪ್ಪಲಿ ಹಾಕ್ಕೊಳ್ಳಿ ಮಾವ, ಡಾಕ್ಟರ್ ಏಳೂವರೆವರೆಗೂ ಇರ್ತಾರೆ, ಇದನ್ನ ನೀವೇ ಹೇಳ್ಬೇಕು ಎಂದರು. ಹೊಸ ಮಾತ್ರೆಯ ಪೊಟ್ಟಣ ಬಿಚ್ಚಿಲ್ಲ. ಸ್ಕೂಟರು ಹೊರಗೆ ತೆಗೆಯುತ್ತಿದ್ದಾರೆ, ಅಷ್ಟರೊಳಗೆ ಒಂದು ಸಾಲು ತಿದ್ದಬೇಕು.

ರಕ್ಷಿತಾಗೆ ಗೊತ್ತಿಲ್ಲ ಎಂದು ಮೇಲೆ ಬರೆದಿದ್ದೇನೆ. ಗೊತ್ತಿತ್ತು. ನಾನು ಮಾತ್ರೆ ಜೇಬಿಗೆ ಹಾಕುವುದನ್ನು ಮೊದಲ ದಿನವೇ ನೋಡಿದಳು. ಅಪ್ಪಂಗೆ ಹೇಳಬೇಡ ಪುಟ್ಟಿ, ನಮ್ಮಿಬ್ಬರ ಗುಟ್ಟು ಎಂದು ಹೊತ್ತು ಹೊತ್ತಿಗೂ ಅವಳ ಕೈಗೆ ಕಡಲೆಮಿಠಾಯಿ ಇಟ್ಟೆ. ಶನಿವಾರ ಡಾಕ್ಟರು ಕೇಳಿದ್ದು ನನ್ನನ್ನಲ್ಲ, ಅವಳನ್ನು. ಅವಳು ನನ್ನ ಮುಖ ನೋಡಿ, ಕಚ್ಚಿಹೋದ ತುಟಿಯಲ್ಲೇ, ತಾತ ದಿನಾ ಕೊಡ್ತಾರೆ ಎಂದಳು. ಡಾಕ್ಟರು ಬರೆದ ಚೀಟಿಯನ್ನು ನಾನೇ ಕೈಚಾಚಿ ತೆಗೆದುಕೊಂಡೆ.

ಈಗ ಬಾಗಿಲಲ್ಲಿ ಸ್ವೆಟರು ಹಾಕಿಕೊಂಡು ನಿಂತಿದ್ದಾಳೆ. ತಾತ, ಇವತ್ತು ಡಾಕ್ಟರ್ ಕೇಳಿದ್ರೆ ನಾನು ಏನ್ ಹೇಳ್ಲಿ ಎಂದು ಕೇಳುತ್ತಿದ್ದಾಳೆ.