ನನ್ನ ಸಹಿಯ ಕಾಗದ ರದ್ದುಮಾಡಿ

ಮಾನ್ಯ ಪ್ರಾಂಶುಪಾಲರೇ,

ಹೆಣ್ಣೆಂಬ ಕಾರಣಕ್ಕೆ ನನ್ನ ಮಗಳು ಮೆಹನಾಜ್‌ಗೆ ಕಳೆದ ವರ್ಷ ತಾವು ತಮ್ಮ ಸರ್ಕಾರಿ ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ತರಬೇತಿಗೆ ಸೀಟು ಕೊಡಲಿಲ್ಲ. ಮಾಹಿತಿ ಹಕ್ಕಿನಲ್ಲಿ ಕಾರಣ ಕೇಳಿದೆ. ‘ಯಾರನ್ನೂ ನಿರಾಕರಿಸಿಲ್ಲ. ಅಭ್ಯರ್ಥಿ ಸ್ವಇಚ್ಛೆಯಿಂದ ಹೊಲಿಗೆ ವಿಭಾಗ ಸೇರಿದ್ದಾರೆ. ತಂದೆಯ ಸಹಿ ಇದೆ’ ಎಂದು ಉತ್ತರ ಬಂತು. ಬಹಳ ಅಚ್ಚುಕಟ್ಟಾದ ಉತ್ತರ. ಸಹಿಯೂ ನನ್ನದೇ.

ಲಿಂಗದ ಕಾರಣಕ್ಕೆ ತಾರತಮ್ಯ ಕೂಡದೆಂಬ ಸಂವಿಧಾನದ ಹದಿನೈದನೇ ವಿಧಿಯನ್ನು ತಾವು ಕೊಠಡಿಯಲ್ಲಿ ಕಟ್ಟು ಹಾಕಿಸಿ ತೂಗುಬಿಟ್ಟಿದ್ದೀರಿ. ಅದರ ಕೆಳಗೇ ಕೂತು ತಾವು ಹೇಳಿದ್ದು: “ಹೆಣ್ ಹುಡುಗಿಗೆ ಗ್ರೀಸ್ ಕೈ ಯಾಕ್ರಿ ಸಾಬ್ರೇ? ಅಷ್ಟು ಹುಡುಗ್ರ ಮಧ್ಯೆ ಒಬ್ಳೇ ಕೂರ್ತಾಳಾ? ಟೇಲರಿಂಗ್ ಐತಲ್ಲ, ಕಾಗ್ದ ಬರ್ಸಿಟ್ಟೀನಿ, ಸೈನ್ ಹಾಕ್ರಿ.” ತಾವು ಕಾನೂನು ಮುರಿದಿರೇ? ಛೆ, ಛೆ! ನನ್ನ ಕೈಯಲ್ಲಿ ಮುರಿಸಿದಿರಿ, ಅಷ್ಟೇ.

ಪರಶುರಾಂಪುರ ರಸ್ತೆಯ ನನ್ನ ಗ್ಯಾರೇಜಿನಲ್ಲೇ ಮೆಹನಾಜ್ ಬೆಳೆದಳು. ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ, ಯಾವ ಸಿಲಿಂಡರ್ ಕೆಟ್ಟಿದೆಯೆಂದು ಹೇಳುತ್ತಾಳೆ. ಶೇಂಗಾ ಬಿತ್ತನೆ ಹೊತ್ತಿಗೆ ರೈತ ಗಾದ್ರಪ್ಪನವರ ಟ್ರ್ಯಾಕ್ಟರ್ ನಿಂತಾಗ ನಾನು ಎರಡು ದಿನ ಒದ್ದಾಡಿದೆ. ಅವಳು ಅರ್ಧ ಗಂಟೆಯಲ್ಲಿ ದೋಷ ಹಿಡಿದಳು. ಆದರೆ ನಮ್ಮಲ್ಲೊಂದು ಕಟ್ಟಳೆಯಿತ್ತು, ಮಾಡಿದವನು ನಾನೇ: ಗಿರಾಕಿ ಬಂದ ಕೂಡಲೇ ಅವಳು ಸ್ಪ್ಯಾನರನ್ನು ನನ್ನ ಕೈಗಿಟ್ಟು ಪರದೆಯ ಹಿಂದೆ ಹೋಗಬೇಕು. “ಭೇಷ್ ಸಾಬ್ರೇ, ನಿಮ್ ಕೈ ಸುಮ್ನಲ್ಲ ಬಿಡ್ರಿ” ಎಂದರು ಗಾದ್ರಪ್ಪ. ನಾನು ನಾಚಿಕೆಯಿಲ್ಲದೆ ನಕ್ಕೆ. ಪರದೆಯ ಹಿಂದೆ ಅವಳಿಗೆ ಎಲ್ಲಾ ಕೇಳಿಸಿತು.

ನಿಮ್ಮ ಮೇಜಿನ ಮೇಲೆ ಸಹಿ ಹಾಕಿದಾಗಲೂ ನನಗೆ ಹಾಯೆನಿಸಿತು, ಮಾನ್ಯರೇ. ಮಸೀದಿ ಮುಂದೆ, ಸಂತೆಯಲ್ಲಿ ಇನ್ನು ಯಾರೂ ಏನೂ ಕೇಳುವುದಿಲ್ಲವಲ್ಲ ಎಂದು. ಈಗ ಅದನ್ನು ನೆನೆದರೆ ಅನ್ನ ಸೇರುವುದಿಲ್ಲ. ಮೊನ್ನೆ ನಿಮ್ಮ ಉತ್ತರ ಓದಿದ ಮಗಳು, “ಅಬ್ಬಾ, ಏನ್ ಬರ್ದೈತೆ ಅಂತ ಓದಿ ಸೈನ್ ಹಾಕಿದ್ರಾ?” ಎಂದಳು.

“ಕನ್ನಡಕ ಮರ್ತು ಹೋಗಿದ್ದೆ, ಬೇಟಿ.”

ಸುಳ್ಳು. ಕನ್ನಡಕ ಮೂಗಿನ ಮೇಲೇ ಇತ್ತು. ತಾವೇ ನೋಡಿದ್ದೀರಿ.

ಇದೇ ಇಪ್ಪತ್ತಕ್ಕೆ ಪ್ರವೇಶ ಮುಗಿಯುತ್ತದೆ. ಮೆಹನಾಜ್ ಮತ್ತೆ ಅರ್ಜಿ ಹಾಕಿದ್ದಾಳೆ. ನನ್ನ ಕಾಗದ ರದ್ದುಮಾಡಿ ಅವಳಿಗೆ ಸೀಟು ಕೊಡಿ. ಆಗದಿದ್ದರೆ ‘ಹೆಣ್ಣಾದ್ದರಿಂದ ಕೊಡಲಿಲ್ಲ’ ಎಂದು ಬರೆದು, ಈ ಸಲ ತಮ್ಮ ಸಹಿ ಹಾಕಿ. ತಂದೆ ಬರಲಿ ಎನ್ನಬೇಡಿ. ಅವಳಿಗೆ ಹದಿನೆಂಟು ತುಂಬಿದೆ, ಅವಳ ಸಹಿ ಸಾಕು. ಈ ಪತ್ರವನ್ನು ಪೇಪರಿಗೂ ಕೊಟ್ಟಿದ್ದೇನೆ. ನಮ್ಮ ಮನೆಗೆ ಬರುವ ಪೇಪರನ್ನು ಮೊದಲು ಓದುವವಳು ಅವಳೇ. ಕನ್ನಡಕದ ವಿಷಯ ಎದುರಿಗೆ ನಿಂತು ಹೇಳಲು ನನಗೆ ಧೈರ್ಯ ಬರಲಿಲ್ಲ.

ಇಂತಿ,
ಓದಿಯೇ ಸಹಿ ಹಾಕಿದ ತಂದೆ,
ಬುಡೇನ್ ಸಾಬ್
ಟ್ರ್ಯಾಕ್ಟರ್ ಮೆಕ್ಯಾನಿಕ್, ಚಳ್ಳಕೆರೆ
ಜುಲೈ ೨೦೦೭