ಗಾಡಿ ಇನ್ನು ತಾನಾಗಿ ನಿಲ್ಲುವುದಿಲ್ಲ

ಹುಣಸಗಿ ಕಾಲುವೆ ಪಕ್ಕದ ಮನೆಯ ಮೋನಮ್ಮನವರ ಸನ್ನಿಧಿಗೆ,

ಸುರಪುರದ ಅಂಬ್ರೇಶನ ಗಂಭೀರ ನಿವೇದನೆ. ನಿಮ್ಮ ಬಾಗಿಲ ಮುಂದೆ ನಿಧಾನ ಮಾಡಿದಾಗಲೆಲ್ಲ ನಡುಗಿ ಬಂದ್ ಬೀಳುತ್ತಿದ್ದ ನನ್ನ ಗಾಡಿ ನಿನ್ನೆ ಗುಣವಾಯಿತು. ಇದು ಪೆಟ್ರೋಲ್ ಇಂಜೆಕ್ಷನ್ ಇರುವ ಹೊಸ ಬೈಕು, ಹಳೆಯ ಕಾರ್ಬುರೇಟರ್ ಗಾಡಿಗಳಂತೆ ಸ್ಕ್ರೂ ತಿರುವಿದರೆ ಸಾಲದು. ಮೆಕ್ಯಾನಿಕ್ ಅಮೀನುದ್ದೀನ ಭಾಯಿ ಇಂಜಿನ್ ಚಾಲೂ ಇಟ್ಟು, ಗಾಳಿ ಎಳೆಯುವ ರಬ್ಬರ್ ಪೈಪಿನ ಮೇಲೆ ಸ್ಪ್ರೇ ಹೊಡೆದರು. ಸದ್ದು ಬದಲಾಯಿತು. “ಇಲ್ಲೇ ಸೀಳ್ಯಾದ ನೋಡು, ಕಳ್ಳಗಾಳಿ ಒಳಗ ನುಗ್ಗಾಕತ್ತದ” ಎಂದು ಹೊಸ ರಬ್ಬರ್ ಹಾಕಿ, ಥ್ರಾಟಲ್‌ನ ಮಸಿಯನ್ನೂ ಒರೆಸಿದರು.

ಇಂಜಿನ್ ಬಂದ್ ಬಿದ್ದೊಡನೆ ಎಂಥ ಮೌನವಿರುತ್ತಿತ್ತು. ಕಾಲುವೆ ಹರಿಯುವುದು ಕೇಳುತ್ತಿತ್ತು, ಭತ್ತದ ಹಸಿರು ನಿಮ್ಮ ಅಂಗಳದವರೆಗೂ ತೇಲಿ ಬಂದಂತಿರುತ್ತಿತ್ತು. ನೀವು ಚೊಂಬು ಹಿಡಿದು ಬಂದು, “ಮತ್ತ ನಿಂತದೇನ್ರಿ? ನೀರು ಯಾರಿಗಿ, ನಿಮಗೋ ಗಾಡಿಗೋ?” ಎನ್ನುತ್ತಿದ್ದಿರಿ.

ಹಳೆಯ ರಬ್ಬರನ್ನೇ ವಾಪಸ್ ಹಾಕಿರೆಂದು ಭಾಯಿಗೆ ಕೈಮುಗಿದೆ. “ಹುಚ್ಚಪ್ಯಾಲಿ, ನಿಂದ್ರಬೇಕಂದ್ರ ಬ್ರೇಕ್ ಅದಾವಲ್ಲೋ” ಎಂದರು.

ಆದ್ದರಿಂದ ಸೋಮವಾರ ನಾನೇ ನಿಲ್ಲಿಸುವವನಿದ್ದೇನೆ. ಬೇಡವೆಂದರೆ ಬಾಗಿಲು ಮುಚ್ಚಿರಲಿ, ಹಾರ್ನ್ ಹೊಡೆಯದೆ ಮುಂದೆ ಹೋಗುತ್ತೇನೆ. ತೆರೆದಿದ್ದರೆ, ನೀರು ನನಗೇ.

ಇಂತಿ,
ಯಾವ ನೆಪವೂ ಉಳಿಯದ
ಅಂಬ್ರೇಶ