ನೀರ್ಗೋಡೆಯವರ ಫೀಕಾ

ಫೆಬ್ರವರಿ ೩೦, ೨೨೧೮
ಸ್ವೀಡನ್ನಿನ ಉತ್ತರ ಕರಾವಳಿ

ಹಿರಿಯರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಿಲ್ಲವೆಂದು ಬಲ್ಲೆ. ತಿಂಗಳುಗಳನ್ನು ನಿಮ್ಮ ನಂತರ ಸರಿಹೊಂದಿಸಿದರು. ನನ್ನ ಕನ್ನಡವೂ ವಿಚಿತ್ರವೆನಿಸಿದರೆ ಮನ್ನಿಸಿ. ನಾನು ಚಂಪಾವತಿ ಹೊಸಮನಿ. ಧಾರವಾಡದ ಕಡೆಯಿಂದ ಇಲ್ಲಿಗೆ ಬಂದು ನೆಲೆಸಿದವರ ಕುಲದವಳು. ಸಮುದ್ರ ಊರಿಗೆ ನುಗ್ಗದಂತೆ ತಡೆದಿರುವ ನೀರ್ಗೋಡೆಯಲ್ಲಿ ಪಂಪು ನೋಡಿಕೊಳ್ಳುವುದು ನನ್ನ ಕೆಲಸ.

ಇಲ್ಲಿ ಫೀಕಾ ಎಂಬ ಹಳೆಯ ಪದ್ಧತಿಯಿದೆ. ಹೊತ್ತಿಗೆ ಸರಿಯಾಗಿ ಎಲ್ಲರೂ ಕೆಲಸ ಬಿಟ್ಟು, ಒಂದೇ ಮೇಜಿಗೆ ಬಂದು ಕಾಫಿ ಕುಡಿದು ದಾಲ್ಚಿನ್ನಿ ಬನ್ನು ತಿನ್ನುವುದು. ಕಾಫಿಯೆಂದರೆ ಈಗ ಹುರಿದ ಬಾರ್ಲಿ; ನಿಜವಾದ ಬೀಜ ಹಬ್ಬಕ್ಕೆ ಮಾತ್ರ. ಅಲ್ಲಿ ಕೆಲಸದ ಮಾತಿಲ್ಲ, ಮೇಲಿನವರು ಕೆಳಗಿನವರು ಎಂಬುದಿಲ್ಲ. ಮೊದಲು ಬಂದವರು ಉಳಿದವರಿಗೆ ಬಗ್ಗಿಸಿ ಕೊಡುತ್ತಾರೆ.

ಹೋದ ವಾರ ಬಿರುಗಾಳಿ ಎದ್ದ ದಿನ ಆಡಳಿತದವರು ಫೀಕಾ ರದ್ದು ಮಾಡಿದರು. ನಮ್ಮ ಮಣಿಕಟ್ಟಿನ ಪಟ್ಟಿಯಿಂದ ನಾಡಿ ಓದುವ ಯಂತ್ರವೊಂದಿದೆ, ಕಾವಲುಬುದ್ಧಿ ಎನ್ನುತ್ತೇವೆ. ಅದು ಎಲ್ಲರನ್ನೂ ನೋಡಿಕೊಳ್ಳುತ್ತದೆ, ಯಾರೂ ಜಾಗ ಬಿಡಬೇಡಿ ಎಂದರು. ತಂಡದ ಹಿರಿಯಳು ಗುನಿಲ್ಲಾ ಒಪ್ಪಲಿಲ್ಲ. ನಮ್ಮವರ ನಡುವೆಯೇ ಕೆಲಸ ಮಾಡಿ ನಮ್ಮ ಮಾತು ಕಲಿತವಳು.

"ಬರ್ರಿ, ಕೂಡ್ರಿ. ಗ್ವಾಡಿ ಎಲ್ಲೂ ಓಡಿಹೋಗೂದಿಲ್ಲ," ಎಂದು ಕರೆದಳು.

ಹೆದರುತ್ತಲೇ ಹೋದೆವು. ಕೆಳಗಿನ ಸುರಂಗದ ತೂಬು ಕಾಯುವ ಈರಭದ್ರ ಮಾತ್ರ ಬರಲಿಲ್ಲ.

"ಪಟ್ಟಿ ಅವನ ನಾಡಿ ಛಲೋ ಐತಿ ಅಂತ ತೋರ್ಸಾಕತ್ತೈತಲ್ಲ," ಎಂದೆ ನಾನು.

"ನಾಡಿ ಕಾಫಿ ಕುಡಿಯಂಗಿಲ್ಲ, ಈರಭದ್ರ ಕುಡೀತಾನ. ಏಳ್ರಿ!" ಎಂದು ಗುನಿಲ್ಲಾ ಎದ್ದಳು.

ಕೆಳಗಿನ ಸುರಂಗಕ್ಕೆ ಓಡಿದೆವು. ಅವನ ಕಾಲು ತೂಬಿನ ಬಾಗಿಲಿಗೆ ಸಿಕ್ಕಿತ್ತು, ನೀರು ಎದೆಯವರೆಗೆ ಏರಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು. ಉಳಿದವರು ಹಾರೆ ಹಾಕಿ ಬಾಗಿಲು ಮೀಟುತ್ತಿದ್ದರೆ ನಾನು ಅವನ ಗಲ್ಲ ಹಿಡಿದು ಮುಖವನ್ನು ನೀರಿನ ಮೇಲೆ ಎತ್ತಿ ಹಿಡಿದೆ. ಬಾಗಿಲು ಸರಿಯುವ ಹೊತ್ತಿಗೆ ನೀರು ಅವನ ತುಟಿ ಮುಟ್ಟಿತ್ತು. ನಾಡಿ ಮಿಡಿಯುತ್ತಿದ್ದರೆ ಯಂತ್ರಕ್ಕೆ ಅಷ್ಟೇ ಸಾಕು; ಆಗಲೂ ನನ್ನ ಪಟ್ಟಿ ಎಲ್ಲರೂ ಕ್ಷೇಮ ಎಂದೇ ತೋರಿಸುತ್ತಿತ್ತು.

ಈರಭದ್ರ ಬದುಕಿದ. ಪಾದ ಉಳಿಯಲಿಲ್ಲ.

ಆದರೂ ನಿನ್ನೆ ಆಜ್ಞೆ ಬಂದಿದೆ. ಇನ್ನು ಮುಂದೆ ಫೀಕಾ ಇಲ್ಲ, ಕಾಫಿ ಅವರವರ ಜಾಗಕ್ಕೇ ಬರುತ್ತದೆ. ಆಜ್ಞೆ ಮೀರಿದ ಗುನಿಲ್ಲಾ ಕೆಲಸ ಬಿಟ್ಟು ಮನೆಗೆ ಹೋಗಬೇಕು. ನಾಳೆ ನಾವು ಅವಳನ್ನು ಕರೆತಂದು ಮೇಜಿಗೆ ಕೂರಲಿದ್ದೇವೆ. ಬಾಗಿಲಲ್ಲಿ ಪಹರೆಯವರು ನಿಂತಿರುತ್ತಾರಂತೆ. ಏನಾಗುವುದೋ ತಿಳಿಯದು.

ನಿಮ್ಮಲ್ಲಿ ಒಂದೇ ಬೇಡಿಕೆ. ಜೊತೆಗೆ ಕೂತು ಕುಡಿಯುವುದನ್ನು ಮೊದಲು ಬಿಟ್ಟವರು ನಿಮ್ಮ ಕಾಲದವರೇ ಎಂದು ಆಡಳಿತದವರು ನಮಗೆ ಹೇಳುತ್ತಾರೆ. ದಯವಿಟ್ಟು ಅದನ್ನು ಸುಳ್ಳು ಮಾಡಿ.

ನಿಮ್ಮ ವಂಶದವಳು,
ಚಂಪಾವತಿ